ಲೋಕಮಹಾದೇವಿಯ ತವರು

ಇತಿಹಾಸವೆಂದರೆ ಅರಸರ ಪಟ್ಟಿ ಎಂದು ತಿಳಿದವರಿಗೆ ನಮ್ಮ ಬಾದಾಮಿ ಸೀಮೆಯಲ್ಲಿ ಯಾವ ಕೊರತೆಯೂ ಇಲ್ಲ. ಕ್ರಿ. ಶ. 543ರಲ್ಲಿ ಬಾದಾಮಿಯ ಬೆಟ್ಟವನ್ನು ಕೋಟೆ ಮಾಡಿದ ಒಂದನೆಯ ಪುಲಕೇಶಿಯಿಂದ ಹಿಡಿದು, ಎಂಟನೆಯ ಶತಮಾನದ ನಡುವೆ ರಾಜ್ಯವನ್ನು ಕಳೆದುಕೊಂಡ ಎರಡನೆಯ ಕೀರ್ತಿವರ್ಮನವರೆಗೆ, ಚಾಲುಕ್ಯರ ಹೆಸರುಗಳನ್ನು ನಮ್ಮ ಶಾಲೆಯ ಹುಡುಗರು ಪಾಡದಂತೆ ಒಪ್ಪಿಸುತ್ತಾರೆ. ಆದರೆ ಆ ಅರಸರನ್ನು ಹೆತ್ತವರಾರು, ಅವರ ಮನೆ ತುಂಬಿದವರಾರು, ತುಂಬಿದವರು ಯಾವ ಮನೆತನದಿಂದ ಬಂದರು, ಬಂದು ಏನು ಮಾಡಿದರು ಎಂದು ಕೇಳಿದರೆ ಹುಡುಗರೂ ಸುಮ್ಮನಾಗುತ್ತಾರೆ, ಅವರಿಗೆ ಕಲಿಸಿದ ನಾವೂ ಸುಮ್ಮನಾಗುತ್ತೇವೆ. ಸುಮ್ಮನಾಗದಿರುವುದು ಕಲ್ಲು ಮಾತ್ರ. ಬಾದಾಮಿ, ಮಹಾಕೂಟ, ಪಟ್ಟದಕಲ್ಲುಗಳ ಶಾಸನಗಳನ್ನು ತುಸು ತಾಳ್ಮೆಯಿಂದ ಓದಿದರೆ ಒಂದು ದೊಡ್ಡ ಮನೆಯ ಹೆಣ್ಣುಮಕ್ಕಳ ಕಥೆ ಅಲ್ಲಲ್ಲಿ ತುಂಡುತುಂಡಾಗಿ ದೊರೆಯುತ್ತದೆ. ಆ ತುಂಡುಗಳನ್ನು ಇಲ್ಲಿ ಒಂದೆಡೆ ಇಟ್ಟು ನೋಡಬೇಕೆಂದು ನನ್ನ ಆಸೆ.

ನಮ್ಮ ಕಡೆ ಹೆಣ್ಣುಮಗಳ ಗುರುತು ಕೇಳುವ ರೀತಿಯೇ ಬೇರೆ. ಇಳಕಲ್ಲಿನ ಸಂತೆಯಲ್ಲಾಗಲಿ, ಹುನಗುಂದದ ಬಸ್ಸಿನಲ್ಲಾಗಲಿ, ವಯಸ್ಸಾದ ತಾಯಿಯೊಬ್ಬಳು ಎಳೆಯ ಹುಡುಗಿಯನ್ನು ಕಂಡರೆ ಮೊದಲು ಹೆಸರು ಕೇಳುವುದಿಲ್ಲ. “ಯಾ ಊರಾಕೀ ಯವ್ವಾ? ಯಾರ ಪೈಕಿ?” ಎನ್ನುತ್ತಾಳೆ. ಮದುವೆಯಾದವಳಾದರೆ “ತವರಮನಿ ಯಾವದು?” ಎಂಬ ಪ್ರಶ್ನೆ ಕೂಡಿಕೊಳ್ಳುತ್ತದೆ. ಎರಡು ಮನೆಗಳ ನಡುವೆ ಅವಳನ್ನು ನಿಲ್ಲಿಸಿದ ಮೇಲೆಯೇ ಹೆಸರಿನ ವಿಚಾರ. ಈ ಪ್ರಶ್ನೆಯನ್ನೇ ನಾವು ಪಟ್ಟದಕಲ್ಲಿನ ಲೋಕಮಹಾದೇವಿಗೆ ಕೇಳಿ ನೋಡೋಣ. ಆಕೆ ಎರಡನೆಯ ವಿಕ್ರಮಾದಿತ್ಯನ ಪಟ್ಟದರಸಿ. ಇಂದು ವಿರೂಪಾಕ್ಷನೆಂದು ನಾವು ಪೂಜಿಸುವ ಮಹಾದೇವಾಲಯವನ್ನು ಕಟ್ಟಿಸಿದವಳು. ಆ ಗುಡಿಯನ್ನು ಬಣ್ಣಿಸಿ ಬರೆದವರು ನೂರಾರು ಜನ. ಕಟ್ಟಿಸಿದವಳ ತವರನ್ನು ವಿಚಾರಿಸಿದವರು ಕಡಿಮೆ.

ತವರಿನ ಹೆಸರನ್ನು ಹೇಳುವ ಸಾಕ್ಷಿ ಪಟ್ಟದಕಲ್ಲಿನ ಕಂಬವೊಂದರ ಮೇಲಿದೆ. ಕೀರ್ತಿವರ್ಮನ ಆಳ್ವಿಕೆಯಲ್ಲಿ, ಕ್ರಿ. ಶ. 754ರಲ್ಲಿ, ಗಂಗಾನದಿಯ ಉತ್ತರ ದಡದ ನಾಡಿನಿಂದ ಬಂದ ಜ್ಞಾನಶಿವಾಚಾರ್ಯನೆಂಬ ಶೈವಯತಿ ಅದನ್ನು ನಿಲ್ಲಿಸಿದ. ಭಾಷೆ ಸಂಸ್ಕೃತ, ಆದರೆ ಒಂದೇ ಒಕ್ಕಣೆಯನ್ನು ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲೊಮ್ಮೆ, ನಮ್ಮ ಹಳಗನ್ನಡ ಲಿಪಿಯಲ್ಲೊಮ್ಮೆ, ಹೀಗೆ ಎರಡು ಸಲ ಕೊರೆಯಿಸಲಾಗಿದೆ. ಅದರಲ್ಲಿ ಮೂರು ಗುಡಿಗಳ ಪ್ರಸ್ತಾಪ ಬರುತ್ತದೆ. ವಿಜಯಾದಿತ್ಯನು ಕಟ್ಟಿಸಿದ್ದು ವಿಜಯೇಶ್ವರ. ಲೋಕಮಹಾದೇವಿ ಕಟ್ಟಿಸಿದ್ದು ಲೋಕೇಶ್ವರ. ಅವಳ ಒಡಹುಟ್ಟಿದ ತಂಗಿ ತ್ರೈಲೋಕ್ಯಮಹಾದೇವಿ ಕಟ್ಟಿಸಿದ್ದು ತ್ರೈಲೋಕ್ಯೇಶ್ವರ. ಇವುಗಳನ್ನೇ ನಾವು ಈಗ ಕ್ರಮವಾಗಿ ಸಂಗಮೇಶ್ವರ, ವಿರೂಪಾಕ್ಷ, ಮಲ್ಲಿಕಾರ್ಜುನ ಎಂದು ಕರೆಯುತ್ತೇವೆ. ಅಕ್ಕತಂಗಿಯರಿಬ್ಬರೂ ಹೈಹಯ ವಂಶದಲ್ಲಿ ಹುಟ್ಟಿದವರು. ಇಬ್ಬರೂ ವಿಕ್ರಮಾದಿತ್ಯನನ್ನು ವರಿಸಿದವರು. ತಂಗಿಯ ಮಗನೇ ಆಗ ಆಳುತ್ತಿದ್ದ ಕೀರ್ತಿವರ್ಮ. ಇಷ್ಟು ಸಂಗತಿಗಳು ಆ ಕಂಬದಿಂದ ತಿಳಿಯುತ್ತವೆ.

ಹೈಹಯರೆಂದರೆ ಯಾರು? ಕಳಚುರಿಗಳು. ಈ ಹೆಸರು ಬಂದೊಡನೆ ನಾವು ಪಟ್ಟದಕಲ್ಲಿನಿಂದ ಹಿಂದಕ್ಕೆ, ನೂರೈವತ್ತು ವರ್ಷ ದೂರ ಹೋಗಬೇಕಾಗುತ್ತದೆ.

ಬಾದಾಮಿಯಿಂದ ಪಟ್ಟದಕಲ್ಲಿಗೆ ಹೋಗುವವರು ನಡುವೆ ಮಹಾಕೂಟಕ್ಕೆ ತಿರುಗಿಕೊಳ್ಳುವುದುಂಟು. ಅಲ್ಲಿದ್ದ ಒಂದು ದೊಡ್ಡ ಶಿಲಾಸ್ತಂಭ ಈಗ ವಿಜಯಪುರದ ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿದೆ. ಕ್ರಿ. ಶ. 602ರಲ್ಲಿ ಮಂಗಲೇಶನು ಅದನ್ನು ನಿಲ್ಲಿಸಿದ. ಉತ್ತರ ದಿಕ್ಕನ್ನು ಗೆಲ್ಲಬಯಸಿ ಹೊರಟ ಅವನು ಕಳಚುರಿಗಳ ಅರಸ ಬುದ್ಧರಾಜನನ್ನು ಸೋಲಿಸಿದ. ಆ ಮನೆತನದ ಐಶ್ವರ್ಯ ಮಕುಟೇಶ್ವರ ದೇವರ ಪಾಲಾಯಿತು. ಇನ್ನು ಹುನಗುಂದ ತಾಲೂಕಿನ ಐಹೊಳೆಗೆ ಬಂದು ಮೇಗುಟಿಯ ಗುಡ್ಡ ಹತ್ತಿರಿ. 634ರಲ್ಲಿ ರವಿಕೀರ್ತಿ ಬರೆದ ಪ್ರಶಸ್ತಿಯಲ್ಲಿ ಅದೇ ಗೆಲವು ಕಾವ್ಯದ ಉಡುಗೆ ತೊಟ್ಟು ನಿಂತಿದೆ. ರಣರಂಗವೇ ಮಂಟಪವಾಗಿ, ಕಳಚುರಿಗಳ ಸಂಪತ್ತೆಂಬ ಕನ್ಯೆಯನ್ನು ಮಂಗಲೇಶನು ಕೈಹಿಡಿದನೆಂದು ಕವಿ ವರ್ಣಿಸುತ್ತಾನೆ. ಸೋತವರ ಸಿರಿಯನ್ನು ಹೆಣ್ಣಾಗಿಸಿ ಗೆದ್ದವನಿಗೆ ಮದುವೆ ಮಾಡಿಕೊಡುವುದು ನಮ್ಮ ಪ್ರಾಚೀನ ಕವಿಗಳ ಒಂದು ಸಮಯ. ಅದು ಅಲಂಕಾರ, ಅದರಲ್ಲಿ ನಿಜವಾದ ಹೆಣ್ಣು ಯಾರೂ ಇಲ್ಲ.

ಆದರೆ ಒಂದು ಶತಮಾನ ಕಳೆಯುವಷ್ಟರಲ್ಲಿ ಅಲಂಕಾರ ನಿಜವಾಯಿತು. ಅದೇ ಕಳಚುರಿಗಳ ಮನೆಯ ಇಬ್ಬರು ನಿಜವಾದ ಹೆಣ್ಣುಮಕ್ಕಳು ಅದೇ ಚಾಲುಕ್ಯರ ಮನೆಗೆ ಸೊಸೆಯರಾಗಿ ಬಂದರು. ಅಷ್ಟು ಹೊತ್ತಿಗೆ ಹೈಹಯರು ಚಾಲುಕ್ಯರಿಗೆ ತಲೆಬಾಗಿದ ಸಾಮಂತರಾಗಿದ್ದರು. ಸೋತ ಮನೆತನದ ಹೆಣ್ಣನ್ನು ಗೆದ್ದ ಮನೆತನ ತರುವುದು ರಾಜನೀತಿಯಲ್ಲಿ ಹೊಸತಲ್ಲ. ಹೊಸತೆಂದರೆ ಈ ಸೊಸೆಯರು ತಮ್ಮ ತವರಿನ ಹೆಸರನ್ನು ಕಳೆದುಕೊಳ್ಳದೆ ಉಳಿಸಿಕೊಂಡದ್ದು. ಮಂಗಲೇಶನ ಕಂಬದಲ್ಲಿ ಕಳಚುರಿಗಳು ಸೋತವರಾಗಿ ಬರುತ್ತಾರೆ. ಜ್ಞಾನಶಿವಾಚಾರ್ಯನ ಕಂಬದಲ್ಲಿ ಗೌರವದ ತವರಾಗಿ ಬರುತ್ತಾರೆ. ಎರಡು ಕಂಬಗಳ ನಡುವಿನ 152 ವರ್ಷಗಳಲ್ಲಿ ನಡೆದ ಬದಲಾವಣೆಯನ್ನು ಯಾವ ಯುದ್ಧವೂ ತರಲಿಲ್ಲ. ಇಬ್ಬರು ಅಕ್ಕತಂಗಿಯರು ತಂದರು.

ಇನ್ನು ಅವರು ಕಾಲಿಟ್ಟ ಅತ್ತೆಯ ಮನೆ ಎಂಥದು ಎಂಬುದನ್ನು ನೋಡೋಣ. ಚಾಲುಕ್ಯರ ಮನೆಯ ಹೆಂಗಸರು ಒಳಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತವರಲ್ಲ. ಮಂಗಲೇಶನು ಮಕುಟೇಶ್ವರನಿಗೆ ಹತ್ತು ಹಳ್ಳಿಗಳನ್ನು ಬಿಟ್ಟುಕೊಟ್ಟಾಗ ತನ್ನ ತಂದೆಯ ರಾಣಿಯಾದ ದುರ್ಲಭದೇವಿಯ ಸಮ್ಮತಿಯನ್ನು ಪಡೆದ. ಆಕೆ ಬಪ್ಪೂರ ಕುಲದವಳು. ಪತಿಭಕ್ತಿಯಲ್ಲಿ ದಮಯಂತಿಗೆ ಸಮಾನಳೆಂದು ಆ ಕಂಬವೇ ಅವಳನ್ನು ಹೊಗಳುತ್ತದೆ. ಎರಡನೆಯ ಪುಲಕೇಶಿಯ ಮಗ ಚಂದ್ರಾದಿತ್ಯನ ರಾಣಿ ವಿಜಯಭಟ್ಟಾರಿಕೆ ತನ್ನ ಹೆಸರಿನಲ್ಲಿಯೇ ದಾನಶಾಸನಗಳನ್ನು ಹೊರಡಿಸಿದಳು. ಕೊಂಕಣ ಸೀಮೆಯ ನೇರೂರು, ಕೋಚ್ರೆಗಳಲ್ಲಿ ದೊರೆತ ತಾಮ್ರಪಟಗಳು ಇದಕ್ಕೆ ಸಾಕ್ಷಿ. ವಿಕ್ರಮಾದಿತ್ಯನ ಅಜ್ಜಿ ವಿನಯವತಿಯ ಮಾತಿನಂತೆ ಅವಳ ಮಗ ವಿಜಯಾದಿತ್ಯನು 699ರಲ್ಲಿ ಬಾದಾಮಿಯಲ್ಲಿ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಪ್ರತಿಷ್ಠೆ ಮಾಡಿಸಿದ. ಬಾದಾಮಿಯ ಊರೊಳಗೆ ನಿಂತಿರುವ ಜಂಬುಲಿಂಗನ ಗುಡಿಯೇ ಅದು. ವಿಕ್ರಮಾದಿತ್ಯನ ಸೋದರತ್ತೆ ಕುಂಕುಮಮಹಾದೇವಿ ಆಳುಪ ಅರಸ ಚಿತ್ರವಾಹನನ ರಾಣಿ. ಅವಳು ಪುಲಿಗೆರೆಯಲ್ಲಿ, ಎಂದರೆ ಈಗಿನ ಲಕ್ಷ್ಮೇಶ್ವರದಲ್ಲಿ, ಜೈನಬಸದಿಯನ್ನು ಕಟ್ಟಿಸಿದಳು. ಆ ಬಸದಿಗೆ ಅಣ್ಣ ವಿಜಯಾದಿತ್ಯನು ಹಳ್ಳಿಯೊಂದನ್ನು ಬಿಟ್ಟುಕೊಟ್ಟ ಸಂಗತಿ ಶಿಗ್ಗಾವಿಯ ತಾಮ್ರಪಟಗಳಲ್ಲಿದೆ. ಶೈವ, ವೈಷ್ಣವ, ಜೈನವೆಂಬ ಭೇದವಿಲ್ಲದೆ ಗುಡಿ ಕಟ್ಟಿಸುವುದು ಈ ಮನೆಯ ಹೆಣ್ಣುಮಕ್ಕಳಿಗೆ ಒಂದು ರೂಢಿಯೇ ಆಗಿಹೋಗಿತ್ತು. ಲೋಕಮಹಾದೇವಿ ಈ ರೂಢಿಯನ್ನು ಶಿಖರಕ್ಕೆ ಏರಿಸಿದಳು.

ಅವಳ ಗುಡಿಯ ಹಿಂದೆ ಒಂದು ಹಳೆಯ ಗಾಯದ ನೆನಪೂ ಇದೆ. 642ರಲ್ಲಿ ಪಲ್ಲವ ನರಸಿಂಹವರ್ಮನು ಬಾದಾಮಿಯನ್ನು ಹಿಡಿದ. ಊರಿನ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೊರೆಯಿಸಿ, ‘ವಾತಾಪಿಕೊಂಡ’ ಎಂಬ ಬಿರುದು ಹೊತ್ತುಕೊಂಡ. ಆ ಸೇಡು ಮೊಮ್ಮಕ್ಕಳ ಮಕ್ಕಳವರೆಗೆ ನಡೆಯಿತು. ವಿಕ್ರಮಾದಿತ್ಯನು ಮೂರು ಸಲ ಕಂಚಿಯನ್ನು ಗೆದ್ದನೆಂದು ಪಟ್ಟದಕಲ್ಲಿನ ಕನ್ನಡ ಶಾಸನಗಳು ಸಾರುತ್ತವೆ. ಆದರೆ ಸೇಡನ್ನು ಅವನು ತೀರಿಸಿಕೊಂಡ ಬಗೆ ವಿಚಿತ್ರವಾದದ್ದು. ಕಂಚಿಯನ್ನು ಹೊಕ್ಕು ಅದನ್ನು ಹಾಳುಗೆಡವಲಿಲ್ಲ. ರಾಜಸಿಂಹೇಶ್ವರ ದೇವಾಲಯದ ಸಂಪತ್ತನ್ನು ಕಣ್ಣಾರೆ ಕಂಡು, ಮುಟ್ಟದೆ, ದೇವರಿಗೇ ಮರಳಿಸಿದ. ಹಾಗೆಂದು ಆ ಗುಡಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಯಿಸಿದ. ತಮಿಳು ನಾಡಿನ ರಾಜಧಾನಿಯ ನಡುವೆ ಆ ಕನ್ನಡ ಇಂದಿಗೂ ಇದೆ. ಆ ಗುಡಿಯೇ ಕಂಚಿಯ ಕೈಲಾಸನಾಥ. ಗಂಡನು ಕಂಡು ಮೆಚ್ಚಿ ಬಂದ ಗುಡಿಯ ಅಚ್ಚಿನಲ್ಲಿ ಹೆಂಡತಿ ಮಲಪ್ರಭೆಯ ದಡದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದಳು. ಎಲ್ಲೋರಿನ ಕೈಲಾಸವನ್ನು ಕಡೆದವರ ಕಣ್ಣ ಮುಂದೆ ಪಟ್ಟದಕಲ್ಲಿನ ಈ ಗುಡಿ ಇತ್ತೆಂದು ಶಿಲ್ಪವನ್ನು ಬಲ್ಲವರು ಅಭಿಪ್ರಾಯಪಟ್ಟಿದ್ದಾರೆ. ಕಂಚಿಯಿಂದ ಎಲ್ಲೋರಿಗೆ ಹೋಗುವ ದಾರಿ ಲೋಕಮಹಾದೇವಿಯ ಅಂಗಳವನ್ನು ಹಾಯ್ದು ಹೋಗಿದೆ.

ಗುಡಿಯ ಮೂಡಣ ಬಾಗಿಲಲ್ಲಿ, ಹೊಳೆಯ ಕಡೆಗೆ ಮುಖ ಮಾಡಿ ನಿಂತರೆ, ಹಳಗನ್ನಡದ ಕೆಲವು ಸಾಲುಗಳಿವೆ. ಆ ಗುಡಿಯ ಸೂತ್ರಧಾರಿ ಅನಿವಾರಿತಾಚಾರಿ ಎಂಬ ಬಿರುದಿನ ಗುಂಡನು. ಅವನಿಗೆ ‘ಪೆರ್ಜೆರೆಪು’ ಎಂಬ ಮರ್ಯಾದೆಯೂ ‘ತ್ರಿಭುವನಾಚಾರಿ’ ಎಂಬ ಹೆಸರೂ ದೊರೆತವು. ಸರ್ವಸಿದ್ಧಿ ಆಚಾರಿ ಎಂಬ ಇನ್ನೊಬ್ಬ ಶಿಲ್ಪಿಯ ಹೊಗಳಿಕೆಯೂ ಅಲ್ಲಿದೆ. ತಾಜಮಹಲಿನ ಶಿಲ್ಪಿ ಯಾರೆಂದು ನಾವು ಚರ್ಚೆ ಮಾಡುತ್ತಲೇ ಇರುತ್ತೇವೆ. ಅದಕ್ಕಿಂತ ಒಂಬತ್ತು ಶತಮಾನ ಹಿಂದಿನ ನಮ್ಮ ಗುಡಿಯ ಶಿಲ್ಪಿಯ ಹೆಸರು ಬಾಗಿಲಲ್ಲೇ ಇದೆ. ಅವನ ಹೆಸರಿನ ಜೊತೆಗೆ ಬರುವುದು ಗುಡಿಯ ಒಡತಿಯ ಹೆಸರು. ಆ ಗುಡಿ ಲೋಕಮಹಾದೇವಿಯದು. ಅವನು ಅವಳ ಸೂತ್ರಧಾರಿ.

ಇದಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಹಿಡಿದದ್ದು ಇನ್ನೊಂದು ಪುಟ್ಟ ಶಾಸನ. ಹಾಡುವವರಿಗೆ, ಎಂದರೆ ಶಾಸನ ‘ಗಾಂಧರ್ವ’ರೆನ್ನುವ ಸಂಗೀತಗಾರರಿಗೆ, ವಿಜಯಾದಿತ್ಯನು ಹಿಂದೆ ಮಾಡಿಕೊಟ್ಟಿದ್ದ ಕಟ್ಟಲೆಗಳನ್ನು ಲೋಕಮಹಾದೇವಿ ಮತ್ತೆ ಸ್ಥಿರಪಡಿಸಿದಳೆಂದು ಅದು ತಿಳಿಸುತ್ತದೆ. ಮಾವನು ಕೊಟ್ಟ ಮಾತನ್ನು ಸೊಸೆ ನಡೆಸಿದಳು. ಸಂಗತಿ ಚಿಕ್ಕದು. ಆದರೆ ಮನೆತನದ ಭಾರ ಯಾರ ಹೆಗಲ ಮೇಲಿತ್ತೆಂಬುದನ್ನು ತಿಳಿಯಲು ಇಂಥ ಚಿಕ್ಕ ಸಂಗತಿಗಳೇ ಬೇಕು. ಹಿರಿಯರು ಕಣ್ಣು ಮುಚ್ಚಿದ ಮೇಲೆ ಆಳುಕಾಳುಗಳ, ಆಯಗಾರರ ಹಳೆಯ ಮಾಮೂಲುಗಳನ್ನು ತಪ್ಪದೆ ನಡೆಸುವ ಹಿರಿಸೊಸೆಯರನ್ನು ನಮ್ಮ ಹಳ್ಳಿಯ ದೊಡ್ಡ ಮನೆಗಳಲ್ಲಿ ಕಂಡವರಿಗೆ ಈ ರಾಣಿ ಅಪರಿಚಿತಳೆನಿಸುವುದಿಲ್ಲ.

ಈ ಮಾತಿಗೆ ತುಸು ದೂರದ ದೇಶದ ಒಬ್ಬ ಹೆಣ್ಣುಮಗಳನ್ನು ಹೋಲಿಸಿ ನೋಡುವುದು ತಪ್ಪಾಗಲಾರದು. ಇಂಗ್ಲೆಂಡಿನಲ್ಲಿ ಲೇಡಿ ಆನ್ ಕ್ಲಿಫರ್ಡ್ ಎಂಬುವಳು 1590ರಲ್ಲಿ ಹುಟ್ಟಿ 1676ರವರೆಗೆ ಬದುಕಿದಳು. ಕಂಬರ್‌ಲೆಂಡಿನ ಅರ್ಲ್ ಪದವಿಯ ಜಾರ್ಜ್ ಕ್ಲಿಫರ್ಡ್ ಅವಳ ತಂದೆ. 1605ರಲ್ಲಿ ಅವನು ತೀರಿಕೊಂಡಾಗ ಉತ್ತರದ ಕೋಟೆಗಳನ್ನೂ ಜಮೀನನ್ನೂ ಹದಿನೈದು ವರ್ಷದ ಒಬ್ಬಳೇ ಮಗಳಿಗೆ ಬಿಡದೆ ತನ್ನ ತಮ್ಮನಿಗೆ ಬರೆದಿಟ್ಟಿದ್ದ. ಆ ಆಸ್ತಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಸಂತಾನಕ್ಕೆ ಸಲ್ಲಬೇಕೆಂದು ಬಹು ಹಿಂದಿನ ಕಾಲದ ಕರಾರು ಇತ್ತು. ಆ ಕಾಗದಪತ್ರಗಳನ್ನು ಹುಡುಕಿಸಿ, ಒಟ್ಟುಗೂಡಿಸಿ ಮಗಳ ಪರವಾಗಿ ಹೋರಾಟಕ್ಕೆ ನಿಂತವಳು ತಾಯಿ ಮಾರ್ಗರೆಟ್. ದುಡ್ಡು ತೆಗೆದುಕೊಂಡು ಹಕ್ಕು ಬಿಟ್ಟುಕೊಡೆಂದು ಗಂಡ ಒತ್ತಾಯಿಸಿದ. 1617ರಲ್ಲಿ ದೊರೆ ಜೇಮ್ಸ್ ಸ್ವತಃ ಕರೆದು ಹೇಳಿದ. ಅವಳು ಒಪ್ಪಲಿಲ್ಲ. ತೀರ್ಪು ಅವಳ ವಿರುದ್ಧವಾಯಿತು. ಕೊನೆಗೆ 1643ರಲ್ಲಿ, ಚಿಕ್ಕಪ್ಪನ ಮಗ ಗಂಡು ಸಂತಾನವಿಲ್ಲದೆ ಸತ್ತ ಮೇಲೆ, ಆಸ್ತಿ ಅವಳಿಗೇ ಬಂತು. ಆಗ ಅವಳಿಗೆ ಐವತ್ತು ದಾಟಿತ್ತು. ಸ್ಕಿಪ್ಟನ್, ಆಪಲ್‌ಬಿ, ಬ್ರೂಮ್ ಮುಂತಾದ ಬಿದ್ದ ಕೋಟೆಗಳನ್ನೆಲ್ಲ ಎತ್ತಿ ಕಟ್ಟಿಸಿ, ಕಟ್ಟಿಸಿದವಳ ಹೆಸರು ಮತ್ತು ಇಸವಿಯ ಕಲ್ಲುಗಳನ್ನು ಬಾಗಿಲುಗಳ ಮೇಲೆ ಇಡಿಸಿದಳು.

ಇವೆಲ್ಲಕ್ಕಿಂತ ಅವಳು ಮಾಡಿದ ಒಂದು ಕೆಲಸ ನಮಗೆ ಹತ್ತಿರದ್ದು. 1616ರ ಏಪ್ರಿಲ್ 2ರಂದು ಬ್ರೂಮ್ ಕೋಟೆಯ ಹತ್ತಿರದ ರಸ್ತೆಯಲ್ಲಿ ತಾಯಿಯನ್ನು ಬೀಳ್ಕೊಂಡಿದ್ದಳು. ಮುಂದಿನ ತಿಂಗಳೇ ತಾಯಿ ತೀರಿಕೊಂಡಳು. ನಾಲ್ವತ್ತು ವರ್ಷಗಳ ತರುವಾಯ, 1656ರಲ್ಲಿ, ಅದೇ ಜಾಗದಲ್ಲಿ ಆನ್ ಒಂದು ಕಂಬ ನಿಲ್ಲಿಸಿದಳು. ಪ್ರತಿವರ್ಷ ಏಪ್ರಿಲ್ 2ರಂದು ಅಲ್ಲಿಯೇ ಬಡವರಿಗೆ 4 ಪೌಂಡು ದಾನ ಸಲ್ಲಬೇಕೆಂದು ಕಲ್ಲಿನ ಮೇಲೆ ಬರೆಯಿಸಿದಳು. ಆ ಕಂಬ ಈಗಲೂ ಇದೆ. ತಂದೆ ಬಿಟ್ಟುಹೋದ ಭೂಮಿಗಾಗಿ ಅವಳು ಹೋರಾಡಿದ್ದು ನಿಜ. ಆದರೆ ಕಂಬ ನಿಂತದ್ದು ತಾಯಿಯ ಹೆಸರಿಗೆ.

ಆನ್ ಕ್ಲಿಫರ್ಡ್ ದಿನಚರಿ ಬರೆದಿಟ್ಟಳು. ಆದುದರಿಂದ ಅವಳು ಉಂಡದ್ದು, ಅತ್ತದ್ದು, ಗಂಡನೊಡನೆ ಮಾತು ಬಿಟ್ಟದ್ದು ಎಲ್ಲವೂ ಇಂದಿನ ಓದುಗನಿಗೆ ದೊರೆಯುತ್ತದೆ. ಲೋಕಮಹಾದೇವಿ ದಿನಚರಿ ಬರೆಯಲಿಲ್ಲ. ಅವಳ ಪರವಾಗಿ ಮಾತಾಡುವವರು ಒಬ್ಬ ಸೂತ್ರಧಾರಿ, ಕೆಲವರು ಹಾಡುವವರು, ಒಬ್ಬ ಪರದೇಶದ ಯತಿ. ಆದರೂ ಇಬ್ಬರಲ್ಲಿಯೂ ಒಂದು ಹಟ ಸಮಾನವಾಗಿದೆ: ನಾನು ಕಟ್ಟಿದ್ದಕ್ಕೆ ನನ್ನ ಹೆಸರಿರಲಿ, ನಾನು ಹುಟ್ಟಿದ ಮನೆಯ ಹೆಸರೂ ಅದರ ಜೊತೆಗಿರಲಿ. ಆನ್ ಕಟ್ಟಿಸಿದ ಕಲ್ಲುಗಳಲ್ಲಿ ಗಂಡಂದಿರ ಪದವಿಯ ಹೆಸರಿನೊಡನೆ ತವರಿನ ಬಿರುದುಗಳೂ ಬರುತ್ತವೆ. ಪಟ್ಟದಕಲ್ಲಿನ ಕಂಬದಲ್ಲಿ ವಿಕ್ರಮಾದಿತ್ಯನ ಹೆಸರಿನೊಡನೆ ಹೈಹಯ ವಂಶ ಬರುತ್ತದೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಹೈಹಯ ವಂಶವೆಂದರೆ ತಂದೆಯ ವಂಶ. ಈ ಅಕ್ಕತಂಗಿಯರ ತಾಯಿ ಎಲ್ಲಿ? ಇಷ್ಟು ದೊಡ್ಡ ರಾಣಿಯರ ಶಾಸನಗಳಲ್ಲಿ ಅವರ ಹೆತ್ತ ತಾಯಿಯ ಹೆಸರಿಗೆ ಎಡೆಯಿಲ್ಲ. ದುರ್ಲಭದೇವಿಯ ವಿಷಯದಲ್ಲಿಯೂ ಹೀಗೆಯೇ. ಕುಲ ಬರುತ್ತದೆ, ತಾಯಿ ಬರುವುದಿಲ್ಲ. ತಾಯಿಯ ಹೆಸರನ್ನು ಕಾಣಬೇಕಾದರೆ ಮತ್ತೆ ಮಹಾಕೂಟಕ್ಕೆ ಹೋಗಬೇಕು. ಅಲ್ಲಿ ಅರಮನೆಯ ಹೊರಗಿನ ಒಬ್ಬ ಹೆಂಗಸನ್ನು ಕಾಣಬೇಕು.

ಮಹಾಕೂಟೇಶ್ವರನ ಗುಡಿಯ ಮುಖಮಂಟಪದ ಕಂಬದ ಮೇಲೆ ವಿಜಯಾದಿತ್ಯನ ಕಾಲದ ಕನ್ನಡ ಶಾಸನವಿದೆ. ಫ್ಲೀಟ್ ಸಾಹೇಬರು 1881ರಲ್ಲಿ ಇದನ್ನು ಮೊದಲು ಅಚ್ಚು ಹಾಕಿಸಿದರು. ಇದರ ನಾಯಕಿ ವಿನಾಪೋಟಿ. ಅವಳು ಅರಸನ ‘ಪ್ರಾಣವಲ್ಲಭೆ’. ಶಾಸನವೇ ಅವಳನ್ನು ಸೂಳೆ ಎಂದು ಕರೆಯುತ್ತದೆ. ಈ ಮಾತು ಇಂದಿನ ಕಿವಿಗೆ ಕಠಿಣ. ಆದರೆ ಅದೇ ಶಾಸನದ ವ್ಯಾಕರಣವನ್ನು ಗಮನಿಸಬೇಕು. ಅಲ್ಲಿ ಅವಳು ಬರಿಯ ವಿನಾಪೋಟಿಯಲ್ಲ, ‘ವಿನಾಪೋಟಿಗಳ್’. ಹಿರಿಯರನ್ನು ಗೌರವಿಸುವ ಬಹುವಚನವನ್ನು ಅವಳಿಗೂ ಅವಳ ಹಿರಿಯರಿಗೂ ಹಚ್ಚಲಾಗಿದೆ. ಕನ್ನಡ ಕಲಿಸುವವನಾದ ನನಗೆ ಈ ಒಂದು ಪ್ರತ್ಯಯ ಹತ್ತು ವ್ಯಾಖ್ಯಾನಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಒಂದು ಸಮಾಜ ಒಬ್ಬರನ್ನು ಯಾವ ಹೆಸರಿನಿಂದ ಕರೆಯಿತೆಂಬುದರಷ್ಟೇ ಯಾವ ವಚನದಲ್ಲಿ ಕರೆಯಿತೆಂಬುದೂ ಮುಖ್ಯ. ಮಾತಿನ ಅರ್ಥ ಮುಂದೆ ಕೆಳಗಿಳಿದಿರಬಹುದು. ಕೊರೆದ ವಚನ ಇಳಿದಿಲ್ಲ.

ವಿನಾಪೋಟಿ ಅಲ್ಲಿ ಹಿರಣ್ಯಗರ್ಭವೆಂಬ ಮಹಾದಾನ ಮಾಡಿದಳು. ದೇವರ ಪೀಠಕ್ಕೆ ಕೆಂಪು ಕಟ್ಟಿಸಿದಳು, ಬೆಳ್ಳಿಯ ಕೊಡೆಯನ್ನು ಏರಿಸಿದಳು, ಮಂಗಳುಲ್ಲೆಯಲ್ಲಿ ಭೂಮಿ ಬಿಟ್ಟಳು. ಇದೆಲ್ಲಕ್ಕೂ ಮೊದಲು ಶಾಸನ ಅವಳ ವಂಶವನ್ನು ಹೇಳುತ್ತದೆ. ಅಜ್ಜಿ ರೇವಮಂಚಲು, ಅವಳ ಮಗಳು ಕುಚಿಪೋಟಿ, ಅವಳ ಮಗಳು ವಿನಾಪೋಟಿ. ಮೂರು ತಲೆಮಾರು, ಮೂರೂ ಹೆಣ್ಣು; ನಡುವೆ ಒಬ್ಬ ಗಂಡಸಿನ ಹೆಸರೂ ಇಲ್ಲ. ಬಾದಾಮಿಯ ಅರಸರು ತಮ್ಮ ತಂದೆ, ತಾತ, ಮುತ್ತಾತರನ್ನು ತಾಮ್ರಪಟಗಳಲ್ಲಿ ಎಣಿಸಿದ ಕ್ರಮದಲ್ಲಿಯೇ ಈ ಹೆಣ್ಣುಮಗಳು ತನ್ನ ತಾಯಂದಿರನ್ನು ಎಣಿಸಿದಳು.

ಇಲ್ಲಿ ಒಂದು ಆಶ್ಚರ್ಯವಿದೆ, ಒಂದು ಕಹಿಯೂ ಇದೆ. ಪಟ್ಟದರಸಿಗೆ ತವರಿತ್ತು, ಕುಲವಿತ್ತು, ಕೀರ್ತಿಯಿತ್ತು. ತಾಯಿಯ ಹೆಸರನ್ನು ಬರೆಯಿಸುವ ವಾಡಿಕೆ ಇರಲಿಲ್ಲ. ಏಕೆಂದರೆ ಅವಳು ಎರಡು ಗಂಡುಕುಲಗಳ ನಡುವಿನ ಸೇತುವೆ. ಸೇತುವೆಯ ಎರಡು ದಡಗಳಿಗೂ ಗಂಡಸರದೇ ಹೆಸರು. ವಿನಾಪೋಟಿಗೆ ಕುಲದ ಹಂಗಿರಲಿಲ್ಲ; ಆಸ್ತಿಯೂ ಕಲೆಯೂ ತಾಯಿಯಿಂದ ಮಗಳಿಗೆ ಇಳಿಯುತ್ತಿದ್ದ ಮನೆ ಅವಳದು; ಆದುದರಿಂದಲೇ ತಾಯಿ ಕಲ್ಲಿಗೆ ಬಂದಳು. ಗೌರವ ಹೆಚ್ಚಿದಲ್ಲಿ ತಾಯಿ ಮರೆಯಾದಳು. ಗೌರವದ ಗೆರೆಯ ಆಚೆಗೆ ಉಳಿದಳು.

ಇದು ಒಂದೇ ಒಂದು ಅಪವಾದವೆಂದು ತಳ್ಳಿಹಾಕುವ ಹಾಗಿಲ್ಲ. 754ರ ಕಂಬ ನಿಲ್ಲುವ ಹೊತ್ತಿಗೇ ರಾಷ್ಟ್ರಕೂಟ ದಂತಿದುರ್ಗನು ಚಾಲುಕ್ಯರ ನೆಲವನ್ನು ಕಬಳಿಸತೊಡಗಿದ್ದ. ಕೀರ್ತಿವರ್ಮನ ವಕ್ಕಲೇರಿ ತಾಮ್ರಪಟದ 757ರ ತರುವಾಯ ಆ ಮನೆತನ ಬಾದಾಮಿಯಲ್ಲಿ ಕಾಣಿಸುವುದಿಲ್ಲ. ಅಕ್ಕನ ಗುಡಿ, ತಂಗಿಯ ಗುಡಿ ಎರಡೂ ಉಳಿದವು. ತಂಗಿಯ ಮಗನ ರಾಜ್ಯ ಹೋಯಿತು. ಆದರೆ ಲೋಕೇಶ್ವರನ ಗುಡಿಯಲ್ಲಿ ದೀಪ ಆರಲಿಲ್ಲ. ರಾಷ್ಟ್ರಕೂಟ ಧಾರಾವರ್ಷನ ಕಾಲದಲ್ಲಿ ಆ ಗುಡಿಯ ಸೇವೆಯಲ್ಲಿದ್ದ ಬಾದಿಪೊದ್ದಿ ಎಂಬವಳು ಕುದುರೆಯ ರಥ, ಆನೆಯ ರಥಗಳನ್ನು ದಾನ ಮಾಡಿದ ಸಂಗತಿ ಪಟ್ಟದಕಲ್ಲಿನ ಇನ್ನೊಂದು ಕನ್ನಡ ಶಾಸನದಲ್ಲಿದೆ. ಅವಳ ಗುರುತೇನು? ಗೊಯಿಂದಪೊದ್ದಿಯ ಮಗಳು. ಇಲ್ಲಿಯೂ ತಾಯಿಯದೇ ಹೆಸರು. ಅರಸುಮನೆತನ ಬದಲಾಯಿತು, ಹೆಣ್ಣುಮಗಳು ತಾಯಿಯ ಹೆಸರನ್ನು ಹೇಳುವ ಈ ಒಂದು ಪರಂಪರೆ ಬದಲಾಗಲಿಲ್ಲ.

ನಮ್ಮ ಸೀಮೆಯಲ್ಲಿ ಹೆಳವರೆಂಬವರಿದ್ದಾರೆ. ಎತ್ತಿನ ಮೇಲೆ ಊರೂರಿಗೆ ಬಂದು, ಮನೆಯ ಮುಂದೆ ನಿಂತು, ಮನೆತನದ ಮೂಲಪುರುಷನಿಂದ ಹಿಡಿದು ಇಂದಿನ ಕೂಸಿನವರೆಗೆ ವಂಶವನ್ನು ಹೊಗಳುವ ಅವರ ವಿದ್ಯೆ ದೊಡ್ಡದು. ಲಿಖಿತ ಇತಿಹಾಸವಿಲ್ಲದ ಒಕ್ಕಲು ಮನೆಗಳಿಗೆ ಅವರೇ ಶಾಸನ. ಆದರೆ ಅವರು ಹೊಗಳುವುದು ಮುಖ್ಯವಾಗಿ ಗಂಡುಸಂತಾನದ ಬಳ್ಳಿ. ಹಾಗೆಂದು ಅವರನ್ನು ದೂರುವಂತಿಲ್ಲ. ಮನೆಯವರು ಕೇಳಿದ್ದನ್ನು ಅವರು ಕಾಯ್ದುಕೊಂಡು ಬಂದರು. ನಾವು ಕೇಳದೆ ಹೋದದ್ದನ್ನು ಯಾರು ಕಾಯಬೇಕು?

ನಾನು ಪ್ರತಿವರ್ಷ ಶಾಸನದ ಪಾಠ ಮುಗಿದ ಮೇಲೆ ತರಗತಿಯಲ್ಲಿ ಒಂದು ಪ್ರಶ್ನೆ ಕೊಡುತ್ತೇನೆ: ನಿಮ್ಮ ತಾಯಿ, ತಾಯಿಯ ತಾಯಿ, ಅವಳ ತಾಯಿ, ಈ ಮೂವರ ಹೆಸರು ಬರೆಯಿರಿ. ಎರಡು ಹೆಸರು ಎಲ್ಲರೂ ಬರೆಯುತ್ತಾರೆ. ಮೂರನೆಯದಕ್ಕೆ ಲೇಖನಿ ನಿಲ್ಲುತ್ತದೆ. ತಂದೆಯ ಕಡೆಯ ಮುತ್ತಾತನ ಹೆಸರನ್ನು ಹೊಲದ ಉತಾರದಿಂದಲಾದರೂ ಬಲ್ಲವರು ಈ ಹುಡುಗರು. ಮನೆಗೆ ಹೋಗಿ ಕೇಳಿಕೊಂಡು ಬನ್ನಿರೆಂದು ಹೇಳಿದರೆ ಮರುದಿನ ಕೆಲವರು ಹೆಸರಿನ ಜೊತೆಗೆ ಇಡೀ ಕಥೆಯನ್ನೇ ತರುತ್ತಾರೆ. ಬರಗಾಲದಲ್ಲಿ ಗುಳೆ ಹೋಗಿ ಮರಳಿ ಬಂದವಳು. ಗಂಡ ತೀರಿದ ಮೇಲೆ ಕುಣಿಮಗ್ಗದ ಮುಂದೆ ಕೂತು, ಇಳಕಲ್ಲ ಸೀರೆಯ ಸೆರಗಿಗೆ ಟೋಪಿ ತೆನೆ ಕೂಡಿಸಿ, ನಾಲ್ಕು ಮಕ್ಕಳನ್ನು ಸಾಕಿದವಳು. ಮಗನಿಗೆ ಸಾಲಿ ಕಲಿಸಲು ಕೊರಳ ಟೀಕಿ ಒತ್ತೆಯಿಟ್ಟವಳು. ಇವರಾರೂ ಗುಡಿ ಕಟ್ಟಿಸಿದವರಲ್ಲ. ಆದರೆ ಮನೆ ನಿಂತದ್ದು ಅವರಿಂದ. ಕೇಳುವವರು ಬರುವವರೆಗೆ ಆ ಹೆಸರುಗಳು ಒಬ್ಬ ಮುದುಕಿಯ ನೆನಪಿನಲ್ಲಿ ಮಾತ್ರ ಇದ್ದವು. ಆ ಮುದುಕಿ ಹೋದರೆ ಅವೂ ಹೋಗುತ್ತವೆ.

ಲೋಕಮಹಾದೇವಿಯಂಥ ರಾಣಿಯ ಹೆಸರೇ ಜನರ ಬಾಯಿಂದ ಜಾರಿಹೋಯಿತೆಂಬುದನ್ನು ನೆನೆದರೆ ಈ ಹೆಸರ ಅಳಿವು ಎಷ್ಟು ಸುಲಭವೆಂಬುದು ತಿಳಿದೀತು. ಲೋಕೇಶ್ವರನು ವಿರೂಪಾಕ್ಷನಾದ, ತ್ರೈಲೋಕ್ಯೇಶ್ವರನು ಮಲ್ಲಿಕಾರ್ಜುನನಾದ. 1987ರಲ್ಲಿ ಪಟ್ಟದಕಲ್ಲು ವಿಶ್ವಪರಂಪರೆಯ ತಾಣವೆಂದು ಮಾನ್ಯತೆ ಪಡೆಯಿತು. ದೇಶವಿದೇಶದ ಜನ ಬಂದು ನೋಡುತ್ತಾರೆ. ವಿರೂಪಾಕ್ಷನಿಗೆ ಇಂದಿಗೂ ಪೂಜೆ ಸಲ್ಲುತ್ತಿದೆ. ದೇವರ ಹೆಸರು ಬದಲಾದುದರಲ್ಲಿ ತಪ್ಪೇನೂ ಇಲ್ಲ; ಭಕ್ತರು ತಮಗೆ ಪ್ರಿಯವಾದ ಹೆಸರಿನಿಂದ ಕರೆದರು. ಆದರೆ ಲೋಕೇಶ್ವರನೆಂಬ ಹೆಸರಿನ ಒಳಗೆ ಒಬ್ಬ ಹೆಣ್ಣುಮಗಳಿದ್ದಳು. ಹೆಸರಿನ ಜೊತೆಗೆ ಅವಳೂ ಹೋದಳು. ಸಾವಿರ ವರ್ಷ ಕಳೆದ ಮೇಲೆ ಅವಳನ್ನು ಹುಡುಕಿ ಕೊಟ್ಟದ್ದು ಕಲ್ಲಿನ ಮೇಲಿನ ಕೆಲವು ಸಾಲು.

ನಮ್ಮ ಮನೆಗಳಲ್ಲಿ ಕಲ್ಲು ಕೊರೆಯಿಸುವ ಶಕ್ತಿ ಎಲ್ಲರಿಗೂ ಇಲ್ಲ. ಒಂದು ವಹಿಯ ಹಾಳೆ ಎಲ್ಲರ ಮನೆಯಲ್ಲೂ ಇದೆ. ದೀಪಾವಳಿಯ ಪಾಡ್ಯದಂದು ಖಾತೆಕಿರ್ದಿಯ ಹೊಸ ಪುಸ್ತಕ ತೆರೆಯುವ ಪದ್ಧತಿ ಬಾಗಲಕೋಟೆಯ ಪೇಟೆಯಲ್ಲಿ ಹಳೆಯದು. ಅದರ ಮೊದಲ ಪುಟದಲ್ಲಿ ಶ್ರೀಕಾರ ಬರೆದ ಮೇಲೆ, ಲಾಭ ಶುಭಗಳ ಕೆಳಗೆ, ಮನೆಯ ಹಿರಿಯಳನ್ನು ಕೂಡಿಸಿಕೊಂಡು ಅವಳಿಗೆ ತಿಳಿದಷ್ಟು ತಾಯಂದಿರ ಹೆಸರುಗಳನ್ನೂ ತವರೂರುಗಳನ್ನೂ ಬರೆದಿಡಬಾರದೇಕೆ? ಮಹಾಕೂಟದ ವಿನಾಪೋಟಿ ಮೂರು ಹೆಸರು ಬರೆಯಿಸಿದಳು. ನಾವು ಅಷ್ಟಾದರೂ ಬರೆಯೋಣ.